ಸೊಲ್ಲಾಪುರದ ಹಳೇ ಊರು: ನಂದಿಕೋಲಿನ ದಾರಿ ಹಿಡಿದು ನಡೆದ ನನ್ನ ಅನುಭವ

ಸೊಲ್ಲಾಪುರ ಸ್ಟೇಷನ್ನಿನಲ್ಲಿ ಇಳಿಯುವವರಲ್ಲಿ ಸೊಲ್ಲಾಪುರ ನೋಡಬೇಕು ಅಂತ ಬಂದವರು ಬಹಳ ಕಡಿಮೆ. ಒಬ್ಬರು ತುಳಜಾಪುರಕ್ಕೆ, ಒಬ್ಬರು ಅಕ್ಕಲಕೋಟೆಗೆ, ಇನ್ನೊಬ್ಬರು ಪಂಢರಪುರಕ್ಕೆ. ನಡುವೆ ಎರಡು ತಾಸು ಸಿಕ್ಕರೆ ಆಟೊದಲ್ಲಿ ಸಿದ್ಧೇಶ್ವರ ಗುಡಿಗೆ ಹೋಗಿ ಕೈಮುಗಿದು, ಒಂದು ಚಾದರ, ನಾಲ್ಕು ಟವೆಲ್, ಅರ್ಧ ಕಿಲೋ ಶೇಂಗಾ ಚಟ್ನಿ ಕಟ್ಟಿಸಿಕೊಂಡು ಹೊರಟುಬಿಡುತ್ತಾರೆ. ನಮ್ಮ ಇಂಡಿ, ಚಡಚಣ ಕಡೆಯ ಜನವೂ ಅಷ್ಟೇ. ಬಟ್ಟೆ ಖರೀದಿಗೆ ಬರುತ್ತಾರೆ, ದವಾಖಾನೆಗೆ ಬರುತ್ತಾರೆ, ಸಂಜೆ ಬಸ್ಸಿಗೆ ವಾಪಸ್. ಹಳೇ ಊರೊಳಗೆ ಯಾರೂ ಕಾಲಿಡುವುದಿಲ್ಲ.

ನಾನು ಕೆಲಸಕ್ಕೆ ಅಂತ ಇಲ್ಲಿಗೆ ಬಂದು ಜುಳೆ ಸೊಲ್ಲಾಪುರದಲ್ಲಿ ಮನೆ ಮಾಡಿದೆ. ಅದು ಹೊಸ ಬಡಾವಣೆ. ಅಗಲ ರಸ್ತೆ, ಅಪಾರ್ಟ್‌ಮೆಂಟು, ಎಲ್ಲ ಊರಲ್ಲೂ ಇರುವಂಥದ್ದೇ. ರಜೆ ದಿನ ಬೆಳಿಗ್ಗೆ ಹಳೇ ಊರಿನ ಬಾಳಿವೇಸ್‌ಗೆ ಬಂದು ಅಲ್ಲಿಂದ ನಡೆಯುವ ರೂಢಿ ಮೆಲ್ಲಗೆ ಬೆಳೆಯಿತು. ಮೊದಮೊದಲು ಮೊಬೈಲಿನ ಮ್ಯಾಪ್ ಹಿಡಿದು ಹೋಗುತ್ತಿದ್ದೆ. ಮ್ಯಾಪಿನಲ್ಲಿ ಚೌಕಗಳ ಹೆಸರು ಸರಿಯಾಗಿಯೇ ಬರುತ್ತವೆ, ಆದರೆ ಒಂದು ಚೌಕದಿಂದ ಇನ್ನೊಂದಕ್ಕೆ ಅದು ತೋರಿಸುವುದು ಗಾಡಿ ಹೋಗುವ ರಸ್ತೆ. ಆ ರಸ್ತೆಯಲ್ಲಿ ಹೋದರೆ ಮೊಬೈಲ್ ಅಂಗಡಿ, ಬ್ಯಾಂಕು, ಬಸ್ಸಿನ ಹೊಗೆ. ಊರು ಅದರ ಹಿಂದೆ ಇರುತ್ತದೆ.

ಬಾಳಿವೇಸ್‌ನ ಒಂದು ಚಹಾದ ಅಂಗಡಿಯಲ್ಲಿ ಕೂತಿದ್ದ ಹಿರಿಯರೊಬ್ಬರು ನನ್ನ ಮಾತು ಕೇಳಿ ಕನ್ನಡದಲ್ಲೇ ವಿಚಾರಿಸಿದರು. "ಯಾವ ಊರ್ರೀ ನಿಮ್ದು?" ಹೇಳಿದೆ. ಊರು ನೋಡಲಿಕ್ಕೆ ಬಂದಿದ್ದೇನೆ ಅಂದಾಗ ಅವರು, "ಊರ ನೋಡಬೇಕಂದ್ರ ನಂದಿಕೋಲು ಹೋಗೋ ದಾರಿ ಹಿಡೀರಿ ತಮ್ಮಾ. ಮೊದಲ ಆ ದಾರಿ, ಆಮ್ಯಾಗ ಊರ" ಅಂದರು. ಆ ಮಾತು ನನಗೆ ಅಲ್ಲಿಗೇ ನಾಟಿತು. ಅಂದಿನಿಂದ ನಾನು ನಡೆಯುವ ರೀತಿಯೇ ಬದಲಾಯಿತು. ಈಗ ಯಾರಾದರೂ ನೆಂಟರು, ಗೆಳೆಯರು ಬಂದರೆ ಅವರನ್ನು ಕರೆದುಕೊಂಡು ಹೋಗುವುದೂ ಅದೇ ದಾರಿಯಲ್ಲೇ.

ನಂದಿಕೋಲಿನ ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಇದು ಸಿದ್ಧರಾಮನ ಊರು. ವಚನಗಳಲ್ಲಿ 'ಕಪಿಲಸಿದ್ಧ ಮಲ್ಲಿಕಾರ್ಜುನಾ' ಅಂತ ಅಂಕಿತ ಬರುತ್ತದಲ್ಲ, ಅದೇ 12ನೇ ಶತಮಾನದ ಸೊನ್ನಲಿಗೆಯ ಸಿದ್ಧರಾಮ. ಕೆರೆ ತೋಡಿಸಿದ, ಗುಡಿ ಕಟ್ಟಿಸಿದ, ಊರಿನ ಸುತ್ತ 68 ಲಿಂಗಗಳನ್ನು ಸ್ಥಾಪಿಸಿದ ಅಂತ ಜನ ನಂಬಿಕೊಂಡು ಬಂದಿದ್ದಾರೆ. ಕುಂಬಾರರ ಹುಡುಗಿಯೊಬ್ಬಳು ಅವನನ್ನೇ ಮದುವೆ ಆಗುತ್ತೇನೆ ಅಂದಳಂತೆ. ಅವನು ಯೋಗಿ, ಆಗುವುದಿಲ್ಲ ಅಂದ. ಅವಳು ಬಿಡಲಿಲ್ಲ. ಕೊನೆಗೆ ತನ್ನ ಯೋಗದಂಡದ ಜೊತೆ ಮದುವೆ ಆಗಲು ಒಪ್ಪಿದ. ಆ ಮದುವೆಯನ್ನು ಈ ಊರು ಪ್ರತಿ ವರ್ಷ ಸಂಕ್ರಾಂತಿಯ ಹೊತ್ತಿಗೆ ಮಾಡುತ್ತದೆ. ಆ ಯೋಗದಂಡದ ಗುರುತಾಗಿ ಏಳು ನಂದಿಕೋಲು, ಅಂದರೆ ಸಿಂಗರಿಸಿದ ಎತ್ತರದ ಕೋಲುಗಳು, ಹೊರಡುತ್ತವೆ, ಬೇರೆ ಬೇರೆ ಸಮಾಜದವರಿಗೆ ಅವುಗಳನ್ನು ಹೊರುವ ಮಾನ ಇದೆ. ಮೊದಲ ದಿನ ಎಣ್ಣೆಮಜ್ಜನ, ಅಂದರೆ 68 ಲಿಂಗಗಳಿಗೂ ಎಣ್ಣೆ ಹಚ್ಚಿ ಬರುವುದು. ಮರುದಿನ ಸಿದ್ಧೇಶ್ವರ ಗುಡಿಯ ಹತ್ತಿರದ ಸಮ್ಮತಿ ಕಟ್ಟೆಯಲ್ಲಿ ಅಕ್ಷತೆ. ಅದರ ಮರುದಿನ ಹೋಮ. ಆಮೇಲೆ ಮದ್ದು ಸುಡುವುದು. ಇದಕ್ಕೆ ಗಡ್ಡಾ ಯಾತ್ರೆ ಅನ್ನುತ್ತಾರೆ.

ನಂದಿಕೋಲು ಹೊರಡುವುದು ಹಿರೇಹಬ್ಬು ಮನೆತನದ ವಾಡೆಯಿಂದ. ಅದು ಉತ್ತರ ಕಸಬಾದಲ್ಲಿ ಇದೆ, ಬಾಳಿವೇಸ್ ಪಕ್ಕದಲ್ಲೇ. ಅಲ್ಲಿಂದ ದತ್ತ ಚೌಕ, ಮಾಣಿಕ ಚೌಕ, ವಿಜಾಪುರ ವೇಸ್, ಪಂಚಕಟ್ಟಾ, ಆಮೇಲೆ ಸಿದ್ಧೇಶ್ವರ ಗುಡಿ. ಸುಮ್ನೆ ಬಿರಬಿರ ನಡೆದರೆ ಅರ್ಧ ತಾಸಿನ ದಾರಿ. ನಾನು ಅರ್ಧ ದಿನ ಹಿಡಿಯುತ್ತೇನೆ.

ಹೊತ್ತು ಮುಖ್ಯ. ಚಳಿಗಾಲದಲ್ಲಿ ಬೆಳಿಗ್ಗೆ ಏಳಕ್ಕೆ ಬಾಳಿವೇಸ್‌ನಲ್ಲಿ ಇರಬೇಕು. ಅಂಗಡಿಗಳು ಬಾಗಿಲು ತೆಗೆದಿರುವುದಿಲ್ಲ, ಗಾಡಿ ಕಡಿಮೆ. ಆಗ ಮನೆಗಳು ಕಾಣುತ್ತವೆ. ಹತ್ತೂವರೆ ಆಯಿತೆಂದರೆ ಅದೇ ಮನೆಗಳ ಮುಂದೆ ಬ್ಯಾನರು, ತೂಗುಹಾಕಿದ ಬಟ್ಟೆ, ನಿಲ್ಲಿಸಿದ ಬೈಕು. ಕಲ್ಲು ಮಣ್ಣಿನ ದಪ್ಪ ಗೋಡೆ, ದೊಡ್ಡ ಬಾಗಿಲಲ್ಲಿ ಒಂದು ದಿಡ್ಡಿ ಬಾಗಿಲು, ಹೊರಗೆ ಕಟ್ಟೆ. ವಿಜಾಪುರದ ಕಡೆ ನಮ್ಮ ಅಜ್ಜಂದಿರ ಕಾಲದ ವಾಡೆ ಹೇಗಿರುತ್ತವೋ ಹಾಗೇ. ಕೆಲವು ಒಡೆದು ಹೊಸ ಕಟ್ಟಡ ಬಂದಿವೆ, ಇನ್ನು ಕೆಲವು ಅರ್ಧ ಬಿದ್ದಿವೆ, ಬಾಗಿಲಿಗೆ ಬೀಗ. ಬೀಗ ಹಾಕಿದ ವಾಡೆ ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಅಣ್ಣತಮ್ಮಂದಿರು ಪಾಲಾಗಿ ಪುಣೆ, ಹೈದರಾಬಾದ್ ಸೇರಿರುತ್ತಾರೆ, ರಿಪೇರಿಗೆ ಯಾರು ದುಡ್ಡು ಹಾಕಬೇಕು ಅನ್ನುವುದು ತೀರ್ಮಾನವಾಗುವುದಿಲ್ಲ, ಒಂದು ಮಳೆಗಾಲಕ್ಕೆ ಮಾಳಿಗೆ ಕುಸಿಯುತ್ತದೆ, ಮುಂದಿನ ವರ್ಷ ಅಲ್ಲಿ ಪಾರ್ಕಿಂಗ್ ಆಗಿರುತ್ತದೆ.

ಈ ಭಾಗದಲ್ಲಿ ಕನ್ನಡ ಧಾರಾಳವಾಗಿ ಕೇಳಿಸುತ್ತದೆ. ಬೋರ್ಡೆಲ್ಲ ಮರಾಠಿ. ಕಟ್ಟೆಯ ಮೇಲೆ ಕೂತ ಅಜ್ಜಿಯರ ಮಾತೆಲ್ಲ ಕನ್ನಡ. ಹುಡುಗರು ಮರಾಠಿಯಲ್ಲಿ ಕೇಳುತ್ತಾರೆ, ಅಜ್ಜಿ ಕನ್ನಡದಲ್ಲಿ ಉತ್ತರ ಕೊಡುತ್ತಾಳೆ, ಇಬ್ಬರಿಗೂ ಅದು ಎರಡು ಭಾಷೆ ಅನ್ನಿಸುವುದೇ ಇಲ್ಲ. ನಾನು ಮೊದಲು ಕನ್ನಡದಲ್ಲೇ ಮಾತು ತೆಗೆಯುತ್ತೇನೆ. ಬರಲಿಲ್ಲವೆಂದರೆ ಮರಾಠಿ. ಕನ್ನಡದಲ್ಲಿ 'ಅವ್ವಾ' ಅಂತ ಕರೆದ ತಕ್ಷಣ ಎಷ್ಟೋ ಬಾಗಿಲು ತೆರೆದಿವೆ.

ಒಂದು ಸಲ ಹಾಗೇ ಓಣಿಯೊಳಗೆ ಹೋಗುತ್ತಿದ್ದಾಗ ಒಬ್ಬರು ಅವ್ವ ಪಡಸಾಲೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಪಕ್ಕದಲ್ಲಿ ಎತ್ತರಕ್ಕೆ ಪೇರಿಸಿಟ್ಟ ಕಡಕ್ ರೊಟ್ಟಿ. ನನ್ನ ನೋಡಿ ಕೈ ನಿಲ್ಲಿಸದೆ ಕೇಳಿದರು.

"ಯಾರ್ ಬೇಕ್ರಿ?"

"ಯಾರೂ ಇಲ್ಲ ಅವ್ವಾ, ಸುಮ್ನ ಓಣಿ ನೋಡಾಕ ಬಂದೀನಿ."

"ಈ ಓಣ್ಯಾಗ ಏನದ ನೋಡಾಕ? ನೋಡೂದಿದ್ರ ಆ ಬಾಗಲದಾಗ ಹೋಗ್ರಿ, ಒಳಗ ಲಿಂಗ ಅದ. ಎಣ್ಣೆಮಜ್ಜನದ ದಿನ ನಂದಿಕೋಲು ಇಲ್ಲೇ ಬಂದು ನಿಂದರ್ತಾವ."

ಹೋಗಿ ನೋಡಿದರೆ ನಾಲ್ಕು ಮನೆಗಳು ಹಂಚಿಕೊಂಡ ಅಂಗಳ. ತೊಳೆದ ಬಟ್ಟೆ ಒಣಗುತ್ತಿದೆ, ಒಂದು ಸೈಕಲ್ಲು, ನೀರಿನ ಡ್ರಮ್ಮು, ಅದರ ಪಕ್ಕ ಮೊಣಕಾಲೆತ್ತರದ ಗುಡಿ. ಒಳಗೆ ಎಣ್ಣೆ ಕುಡಿದು ಕಪ್ಪಾಗಿ ಹೊಳೆಯುವ ಲಿಂಗ, ಮೇಲೆ ಆಗಷ್ಟೇ ಏರಿಸಿದ ಬಿಲ್ವಪತ್ರೆ. ಅಂಗಳದವರು ಯಾರೂ ನನ್ನನ್ನು ಏನೂ ಕೇಳಲಿಲ್ಲ. ಅವರಿಗೆ ಅದು ಅಭ್ಯಾಸ.

ಅಂದಿನಿಂದ ನನಗೆ ಈ ಲಿಂಗಗಳನ್ನು ಹುಡುಕುವುದೇ ನಡೆಯುವುದಕ್ಕೆ ನೆಪ. 68ನ್ನೂ ಒಂದೇ ಸಲಕ್ಕೆ ಮುಗಿಸಬೇಕು ಅಂತ ಹೊರಡಬೇಡಿ. ಅವು ಹಳೇ ಊರನ್ನು ದಾಟಿ ಹೊರಗೂ ಹರಡಿವೆ. ಕೆಲವಕ್ಕೆ ಹೊಸದಾಗಿ ಟೈಲ್ಸ್ ಹಾಕಿ ಗುಡಿ ಕಟ್ಟಿದ್ದಾರೆ, ಕೆಲವು ಅಂಗಡಿಗಳ ಸಂದಿಯಲ್ಲಿ ಉಳಿದಿವೆ. ನನ್ನ ಪದ್ಧತಿ ಇಷ್ಟೇ: ಒಂದು ಲಿಂಗ ಸಿಕ್ಕರೆ ಅಲ್ಲಿ ಹೂವು ಏರಿಸುವವರನ್ನು ಕೇಳುವುದು, "ಇಲ್ಲಿಂದ ನಂದಿಕೋಲು ಯಾವ ಕಡೆ ಹೋಗ್ತಾವ್ರಿ?" ಅವರು ಕೈ ತೋರಿಸಿದ ದಿಕ್ಕಿಗೆ ಹೋಗುವುದು. ದೂರದ ವಿಳಾಸ ಕೇಳಿದರೆ ಜನ ಗೊಂದಲ ಮಾಡಿಕೊಳ್ಳುತ್ತಾರೆ, ಮುಂದಿನ ಒಂದೇ ಒಂದು ಜಾಗ ಕೇಳಿದರೆ ತಪ್ಪದೆ ಹೇಳುತ್ತಾರೆ. ಯಾವ ಊರಿನ ಹಳೇ ಪೇಟೆಯಲ್ಲಾದರೂ ಇದು ನಡೆಯುತ್ತದೆ ಅನ್ನುವುದು ನನ್ನ ನಂಬಿಕೆ.

ಬಾಳಿವೇಸ್‌ನಲ್ಲೇ ಹಳೇ ಮಲ್ಲಿಕಾರ್ಜುನ ಗುಡಿ ಇದೆ. ಬೆಳಿಗ್ಗೆ ಅಲ್ಲಿ ಹತ್ತು ನಿಮಿಷ ಕೂತರೆ ಓಣಿಯ ಜನರ ಪರಿಚಯ ತಾನಾಗಿ ಆಗುತ್ತದೆ.

ಅಲ್ಲಿಂದ ನಂದಿಕೋಲಿನ ದಾರಿ ಬಿಟ್ಟು ಸ್ವಲ್ಪ ಅಡ್ಡ ಹೋಗುತ್ತೇನೆ, ಮಂಗಳವಾರ ಪೇಟೆಯ ಕಡೆಗೆ. ಇಲ್ಲಿ ವಾರದ ಹೆಸರಿನ ಪೇಟೆಗಳು ಬಹಳ: ಬುಧವಾರ, ಶುಕ್ರವಾರ, ಶನಿವಾರ. ಜೊತೆಗೆ ಸಾಖರ ಪೇಟೆ, ಬೇಗಂ ಪೇಟೆ, ಪಾಚ್ಛಾ ಪೇಟೆ. ಹೆಸರುಗಳನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ, ಮೂಗು ದಾರಿ ತೋರಿಸುತ್ತದೆ. ಭುಸಾರ ಗಲ್ಲಿಗೆ ಒಂಬತ್ತರ ಹೊತ್ತಿಗೆ ಹೋಗಬೇಕು. ಟೆಂಪೊಗಳಿಂದ ಮೂಟೆ ಇಳಿಯುತ್ತಿರುತ್ತವೆ, ಹಮಾಲರು ಬೆನ್ನ ಮೇಲೆ ಚೀಲ ಹೊತ್ತು 'ಸರೀರೀ ಸರೀರೀ' ಅಂತ ಓಡುತ್ತಿರುತ್ತಾರೆ. ಬೆಲ್ಲದ ವಾಸನೆ ಮುಗಿಯುವಷ್ಟರಲ್ಲಿ ಒಣಮೆಣಸಿನಕಾಯಿ ಘಾಟು, ಅದು ಮುಗಿಯುವಷ್ಟರಲ್ಲಿ ಅರಿಷಿಣ. ಜೋಳ ನೋಡಬೇಕೆಂದರೆ ಇಲ್ಲೇ ನೋಡಬೇಕು. ಮಂಗಳವೇಢೆ ಕಡೆಯ ಮಾಲದಂಡಿ ಜೋಳ, ಮುತ್ತಿನಂಥ ಕಾಳು. ಅದರಿಂದಲೇ ಆ ಕಡಕ್ ರೊಟ್ಟಿ. ನೀವು ಬರೀ ನೋಡಲಿಕ್ಕೆ ಬಂದವರು ಅಂತ ಗೊತ್ತಾದರೂ ವ್ಯಾಪಾರಿಗಳು ಒಂದು ಹಿಡಿ ಕಾಳು ಅಂಗೈಗೆ ಹಾಕಿ ತೋರಿಸುತ್ತಾರೆ. ಆದರೆ ಹಮಾಲರ ದಾರಿಯಲ್ಲಿ ಮಾತ್ರ ನಿಲ್ಲಬೇಡಿ. ಅವರದು ದುಡಿಮೆಯ ಹೊತ್ತು. ಫೋಟೊ ತೆಗೆಯಲು ಅಡ್ಡ ನಿಲ್ಲುವುದು ಸರಿಯಲ್ಲ.

ಶೇಂಗಾ ಚಟ್ನಿಯನ್ನೂ ಸ್ಟೇಷನ್ ಹತ್ತಿರ ಪ್ಯಾಕೆಟ್ಟಿನಲ್ಲಿ ತಗೊಳ್ಳುವ ಬದಲು ಈ ಕಡೆ ಸಣ್ಣ ಅಂಗಡಿಯಲ್ಲಿ ತೂಗಿಸಿ ತಗೊಳ್ಳಿ. ಹುರಿದ ಶೇಂಗಾ, ಖಾರ, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಅಷ್ಟೇ. ಎಣ್ಣೆ ಬಿಡುವ ತನಕ ಕುಟ್ಟಿದ್ದರೆ ಅದು ಪುಡಿಪುಡಿಯಾಗಿ ಉದುರುವುದಿಲ್ಲ, ಬೆರಳಲ್ಲಿ ಒತ್ತಿದರೆ ಅಂಟಿಕೊಳ್ಳುತ್ತದೆ. ಮಿಕ್ಸಿಯಲ್ಲಿ ಮಾಡಿದ್ದಕ್ಕೆ ಆ ಗುಣ ಬರುವುದಿಲ್ಲ. ಕಡಕ್ ರೊಟ್ಟಿಯನ್ನು ಮುರಿದು, ಇದನ್ನು ಮೊಸರಲ್ಲಿ ಕಲಸಿ ತಿಂದರೆ ನಡೆದ ದಣಿವು ಇಳಿದೇ ಹೋಗುತ್ತದೆ.

ಮತ್ತೆ ಮುಖ್ಯ ದಾರಿಗೆ ಬಂದರೆ ಮಧಲಾ ಮಾರುತಿ, ಟಿಳಕ ಚೌಕದ ಸುತ್ತ ಬಟ್ಟೆ, ಪಾತ್ರೆ, ಬೆಳ್ಳಿ ಬಂಗಾರ. ಇಲ್ಲಿ ಮಾರವಾಡಿ, ಗುಜರಾತಿ ವ್ಯಾಪಾರಿಗಳು ಹೆಚ್ಚು. ಇದು ಎಲ್ಲ ಊರಿನ ಬಜಾರಿನಂಥದ್ದೇ, ನಾನು ಬೇಗ ದಾಟುತ್ತೇನೆ. ಮಾಣಿಕ ಚೌಕದಲ್ಲಿ ಆಜೋಬಾ ಗಣಪತಿ ಇದೆ. 1885ರಲ್ಲೇ ಇಲ್ಲಿ ಸಾರ್ವಜನಿಕವಾಗಿ ಗಣಪತಿ ಕೂರಿಸಿದ್ದರು, ಲೋಕಮಾನ್ಯ ಟಿಳಕರು ಇದನ್ನು ನೋಡಿದ ಮೇಲೆಯೇ ಪುಣೆಯಲ್ಲಿ ಸಾರ್ವಜನಿಕ ಗಣೇಶೋತ್ಸವ ಶುರುವಾಯಿತು ಅಂತ ಊರಿನವರು ಹೆಮ್ಮೆಯಿಂದ ಹೇಳುತ್ತಾರೆ.

ವಿಜಾಪುರ ವೇಸ್‌ಗೆ ಬಂದ ಕೂಡಲೇ ಕಿವಿಗೆ ಬೀಳುವ ಮಾತು ಬದಲಾಗುತ್ತದೆ. ದಖ್ಖನಿ ಉರ್ದು. ವೇಸ್ ಅಂದರೆ ಅಗಸೆ, ಊರ ಹೆಬ್ಬಾಗಿಲು. ಹಳೇ ಊರಿನ ಅಗಸೆಗಳು ಹೋಗಿವೆ, ಹೆಸರುಗಳು ಉಳಿದಿವೆ: ಬಾಳಿವೇಸ್, ಕುಂಭಾರ ವೇಸ್, ತುಳಜಾಪುರ ವೇಸ್, ವಿಜಾಪುರ ವೇಸ್. ಇಲ್ಲಿ ರಂಜಾನ್ ತಿಂಗಳಲ್ಲಿ ಮೀನಾ ಬಜಾರ್ ತುಂಬುತ್ತದೆ. ಆಗ ಬೆಳಿಗ್ಗೆ ಬಂದು ಪ್ರಯೋಜನವಿಲ್ಲ, ರಾತ್ರಿ ಬರಬೇಕು. ಬಳೆ, ಅತ್ತರು, ಮಕ್ಕಳ ಬಟ್ಟೆ, ಶೇವಿಗೆ, ಖರ್ಜೂರ. ಕೊಳ್ಳುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ನಂದಿಕೋಲು ವರ್ಷಕ್ಕೊಮ್ಮೆ ಹಾದುಹೋಗುವ ರಸ್ತೆ ಇದೇ. 'ಹರ್ರ ಬೋಲಾ ಹರ್ರ' ಕೂಗುವ ರಸ್ತೆಯಲ್ಲೇ ರಂಜಾನಿನ ರಾತ್ರಿ ಬಜಾರೂ ನಡೆಯುತ್ತದೆ ಅನ್ನುವುದನ್ನು ಪುಸ್ತಕ ಓದಿ ತಿಳಿದಿದ್ದರೆ ನನಗೆ ಇಷ್ಟು ಮನಸ್ಸಿಗೆ ಹತ್ತುತ್ತಿರಲಿಲ್ಲ. ಎರಡೂ ಹೊತ್ತಲ್ಲಿ ಅದೇ ಕಲ್ಲಿನ ಮೇಲೆ ನಿಂತಿದ್ದರಿಂದ ಹತ್ತಿತು.

ಪಂಚಕಟ್ಟಾ ದಾಟಿದರೆ ಗುಡಿ. ಸಿದ್ಧೇಶ್ವರ ಗುಡಿಯನ್ನು ಎಲ್ಲರೂ ನೋಡುತ್ತಾರೆ, ಹಾಗಾಗಿ ಜಾಸ್ತಿ ಹೇಳುವುದಿಲ್ಲ. ಆದರೆ ಆಟೊದಲ್ಲಿ ಬಂದು ಇಳಿಯುವುದಕ್ಕೂ, ಬಾಳಿವೇಸ್‌ನಿಂದ ಗಲ್ಲಿ ಗಲ್ಲಿ ದಾಟಿ ಬಂದು ಒಮ್ಮೆಲೇ ಕೆರೆ ಕಾಣುವುದಕ್ಕೂ ಬಹಳ ಫರಕು ಇದೆ. ಅಷ್ಟು ಹೊತ್ತು ಆಕಾಶವೇ ಇಕ್ಕಟ್ಟು. ಇಲ್ಲಿ ಬಂದರೆ ನೀರು, ನಡುವೆ ಗುಡಿ, ಒಂದು ಕಡೆ ಕೋಟೆಯ ಗೋಡೆ. ಗುಡಿಯ ಆವರಣದಲ್ಲೇ ಸಿದ್ಧರಾಮನ ಸಮಾಧಿ ಇದೆ. ಕೆರೆ ತೋಡಿಸುತ್ತಿದ್ದ ಸಿದ್ಧರಾಮನನ್ನು ಅಲ್ಲಮಪ್ರಭು ಇಲ್ಲಿಗೇ ಬಂದು ಮಾತಿನಲ್ಲಿ ಕೆಣಕಿ, ಕಲ್ಯಾಣಕ್ಕೆ ಕರೆದುಕೊಂಡು ಹೋದ ಕಥೆ ಕನ್ನಡ ಓದಿದವರಿಗೆಲ್ಲ ಗೊತ್ತು. ಆ ಕಥೆಯ ಕೆರೆಯ ದಂಡೆಯಲ್ಲಿ ನಿಂತಿದ್ದೇವೆ ಅನ್ನುವುದು ನಮ್ಮ ಕಡೆಯವರಿಗೆ ನೆನಪಿರಬೇಕು. ನಾನು ಕರೆದುಕೊಂಡು ಬಂದವರಿಗೆ ಇದನ್ನು ತಪ್ಪದೆ ಹೇಳುತ್ತೇನೆ.

ಕೋಟೆ ನೆಲಕೋಟೆ, ಸುತ್ತ ಕಂದಕ. ಬಹಮನಿ, ಆದಿಲಶಾಹಿ, ನಿಜಾಮಶಾಹಿ, ಮೊಗಲರು, ಪೇಶ್ವೆ, 1818ರಲ್ಲಿ ಇಂಗ್ಲಿಷರು, ಹೀಗೆ ಕೈ ಬದಲಾಗುತ್ತಾ ಬಂದಿದೆ. ಒಳಗೆ ಹಳೇ ಗುಡಿಯೊಂದರ ಕಂಬಗಳು, ಕೆತ್ತನೆಗಳು ಕಾಣುತ್ತವೆ. ಮಧ್ಯಾಹ್ನದ ಬಿಸಿಲಿಗೆ ಕೋಟೆ ಬೇಡ. ನಾಲ್ಕರ ಮೇಲೆ ಹೋಗಿ.

ಇಲ್ಲಿಂದ ಸ್ವಲ್ಪ ಮುಂದೆ ಚಾರ್ ಪುತಳಾ ಅಂತ ಕರೆಯುವ ಚೌಕ. ನಾಲ್ವರು ಹುತಾತ್ಮರ ಪ್ರತಿಮೆಗಳು. ಸಿಗ್ನಲ್ಲಿನಲ್ಲಿ ಗಾಡಿ ನಿಲ್ಲಿಸಿದವರು ಯಾರೂ ತಲೆ ಎತ್ತಿ ನೋಡುವುದಿಲ್ಲ. ನಡೆದು ಬಂದವರು ಮಾತ್ರ ನಿಂತು ಹೆಸರು ಓದಲು ಸಾಧ್ಯ: ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂಧೆ, ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್. 1930ರ ಮೇ ತಿಂಗಳಲ್ಲಿ ಗಾಂಧೀಜಿಯ ಬಂಧನದ ಸುದ್ದಿ ಬಂದಾಗ ಈ ಊರಿನ ಗಿರಣಿ ಕೆಲಸಗಾರರು ಬೀದಿಗೆ ಇಳಿದರು. ಗೋಲಿಬಾರ್ ಆಯಿತು, ಜನ ರೊಚ್ಚಿಗೆದ್ದರು, ಕೆಲವು ದಿನ ಊರಲ್ಲಿ ಇಂಗ್ಲಿಷರ ಆಡಳಿತವೇ ಇರಲಿಲ್ಲ. ಆಮೇಲೆ ಸೈನ್ಯ ಬಂತು, ಮಾರ್ಷಲ್ ಲಾ ಬಂತು. ಈ ನಾಲ್ವರನ್ನು 1931ರ ಜನವರಿ 12ರಂದು ಯೆರವಡಾ ಜೈಲಿನಲ್ಲಿ ಗಲ್ಲಿಗೆ ಹಾಕಿದರು. ನಾಲ್ವರೂ ಬೇರೆ ಬೇರೆ ಸಮಾಜದವರು. ಧನಶೆಟ್ಟಿ ಲಿಂಗಾಯತ ಮನೆತನದವರು, ಕುರ್ಬಾನ್ ಹುಸೇನ್ ಇನ್ನೂ ಎಳೆ ವಯಸ್ಸಿನ ಹುಡುಗ. ನಮ್ಮ ಕಡೆ ಶಾಲೆಯಲ್ಲಿ ಇವರ ಹೆಸರು ನಾನು ಕೇಳಿರಲಿಲ್ಲ. ನೂರು ಕಿಲೋಮೀಟರ್ ಆಚೆ ಬೆಳೆದ ನನಗೆ ಇದು ಗೊತ್ತಾಗಿದ್ದು ಈ ಚೌಕದಲ್ಲಿ ನಿಂತ ಮೇಲೆಯೇ.

ಗಿರಣಿ ಅಂದೆನಲ್ಲ, ಅದರದೇ ಇನ್ನೊಂದು ನಡಿಗೆ ಆಗುತ್ತದೆ. ಮುಂಬಯಿಯ ರೈಲು 1860ರಲ್ಲಿ ಸೊಲ್ಲಾಪುರ ಮುಟ್ಟಿತು. 1870ರ ದಶಕದಲ್ಲಿ ಮೊದಲ ದೊಡ್ಡ ಹತ್ತಿ ಗಿರಣಿ ಬಂತು, ಜನ ಅದನ್ನು 'ಜುನಿ ಮಿಲ್', ಅಂದರೆ ಹಳೇ ಮಿಲ್ ಅನ್ನುತ್ತಾರೆ. ಸ್ಥಾಪಿಸಿದವರು ಮುರಾರಜಿ ಗೋಕುಲದಾಸ್. ಈಗಿನ ಮುರಾರಜಿ ಪೇಟೆ ಅವರ ಹೆಸರಿನದೇ. ಆಮೇಲೆ ನರಸಿಂಗಗಿರಜಿ, ಲಕ್ಷ್ಮೀ, ವಿಷ್ಣು ಮಿಲ್ಲುಗಳು. ಎಲ್ಲ ಮುಚ್ಚಿವೆ. ಗಿರಣಿಯ ಭೋಂಗಾ ಕೂಗಿದರೆ ಊರೇ ಗಡಿಯಾರ ಸರಿಮಾಡಿಕೊಳ್ಳುತ್ತಿತ್ತು ಅಂತ ಹಿರಿಯರು ಹೇಳುತ್ತಾರೆ. ಆ ಕಡೆ ಹೋದಾಗ ನಾನು ನಿವೃತ್ತ ಕೆಲಸಗಾರರು ಸಿಕ್ಕರೆ ಯಾವ ಖಾತೆಯಲ್ಲಿ ಇದ್ದಿರಿ ಅಂತ ಕೇಳುತ್ತೇನೆ. ಅಷ್ಟು ಕೇಳಿದರೆ ಸಾಕು, ನೂಲಿನ ನಂಬರು, ಪಾಳಿ, ಬೋನಸ್ಸಿನ ಜಗಳ, ಎಲ್ಲ ಬರುತ್ತದೆ.

ಗಿರಣಿ ಹೋದರೂ ಮಗ್ಗ ಹೋಗಿಲ್ಲ. ಅದಕ್ಕೆ ಪೂರ್ವ ಭಾಗಕ್ಕೆ ಹೋಗಬೇಕು. ಕನ್ನಾ ಚೌಕ, ಜೋಡಬಸವಣ್ಣ ಚೌಕ, ಅಶೋಕ ಚೌಕ. ಇದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ, ಅದೂ ಕೆಲಸದ ದಿನ. ರಜೆ ದಿನ ಹೋದರೆ ಸದ್ದೇ ಇರುವುದಿಲ್ಲ. ಇಲ್ಲಿ ತೆಲುಗು. ತೆಲಂಗಾಣ ಕಡೆಯಿಂದ ಬಂದ ಪದ್ಮಶಾಲಿ ನೇಕಾರರು ತಲೆಮಾರುಗಳಿಂದ ಇದ್ದಾರೆ. ಓಣಿಯೊಳಗೆ ಕಾಲಿಟ್ಟರೆ ಪವರ್‌ಲೂಮಿನ ಖಟಖಟ ನೆಲದಿಂದಲೇ ಕಾಲಿಗೆ ಹತ್ತುತ್ತದೆ. ಹೆಚ್ಚಾಗಿ ಟವೆಲ್ ನೇಯುತ್ತಾರೆ. ಹೆಸರುವಾಸಿ ಸೊಲ್ಲಾಪುರಿ ಚಾದರ ಈಗ ಕಡಿಮೆ. ನಕ್ಷೆ ಮೂಡಿಸುವ ಜಕಾರ್ಡ್ ಯಂತ್ರದ ರಂಧ್ರ ಕೊರೆದ ಪಟ್ಟಿಗಳು ಮಗ್ಗದ ಮೇಲೆ ಸರಪಳಿಯಾಗಿ ತಿರುಗುತ್ತಿರುತ್ತವೆ, ಕೆಳಗೆ ಚಾದರದಲ್ಲಿ ನವಿಲು ಒಂದೊಂದೇ ಸಾಲಾಗಿ ಮೂಡುತ್ತದೆ. ಬಾಗಿಲಲ್ಲಿ ನಿಂತು ಕೈಸನ್ನೆ ಮಾಡಿ ಕೇಳಿ, ಒಳಗೆ ಬಾ ಅಂದರೆ ಹೋಗಿ. ಸೀರೆ ಸೆರಗು, ದುಪಟ್ಟಾ, ಉದ್ದ ಲುಂಗಿ ಇದ್ದರೆ ಮಗ್ಗದಿಂದ ದೂರ ಇರಿ, ಬೆಲ್ಟಿಗೆ ಸಿಕ್ಕರೆ ಅಪಾಯ. ಇಲ್ಲಿ ಮಾತು ಸಾಧ್ಯವಿಲ್ಲ, ಕಿವಿ ಹತ್ತಿರ ಬಾಯಿ ಇಟ್ಟು ಕೂಗಬೇಕು. ಇದನ್ನೇ ದಿನವಿಡೀ ಕೇಳುವವರ ಕಿವಿ ಏನಾಗಬೇಡ ಅಂತ ಪ್ರತಿ ಸಲವೂ ಅನ್ನಿಸುತ್ತದೆ.

ಇದೇ ಓಣಿಗಳಲ್ಲಿ ಹೆಂಗಸರು ಬೀಡಿ ಕಟ್ಟುತ್ತಾರೆ. ಮೊರದಲ್ಲಿ ತೂಪ್ರೆ ಎಲೆ, ತಂಬಾಕು, ದಾರ. ಕೂಲಿ ಸಾವಿರ ಬೀಡಿಗೆ ಇಷ್ಟು ಅಂತ ಲೆಕ್ಕ. ಕಟ್ಟಿದ್ದನ್ನು ತಲೆ ಮೇಲೆ ಹೊತ್ತು ಕಾರ್ಖಾನೆಗೆ ಕೊಟ್ಟು, ಮರುದಿನದ ಎಲೆ ತರುತ್ತಾರೆ. ಬೀಡಿ ಕಟ್ಟುವ ಹೆಂಗಸರು ಹೋರಾಡಿ ಕುಂಭಾರಿ ಹತ್ತಿರ ಕಮ್ಯುನಿಸ್ಟ್ ನಾಯಕಿ ಗೋದುತಾಯಿ ಪರುಳೇಕರ್ ಹೆಸರಿನಲ್ಲಿ 10,000 ಮನೆಗಳ ಬಡಾವಣೆ ಕಟ್ಟಿಸಿಕೊಂಡಿದ್ದಾರೆ. ಆದ್ದರಿಂದ ಹಳೇ ಓಣಿಗಳಿಂದ ಎಷ್ಟೋ ಕುಟುಂಬಗಳು ಆ ಕಡೆ ಹೋಗಿವೆ. ಇದು ಒಳ್ಳೆಯದೇ. ಒಂದು ಕೋಣೆಯಲ್ಲಿ ಮಗ್ಗ, ಬೀಡಿ, ಮಕ್ಕಳು, ಅಡುಗೆ ಎಲ್ಲ ಇದ್ದದ್ದನ್ನು ನೋಡಿದವರು ಹಳೇ ಓಣಿ ಹಾಗೇ ಉಳಿಯಬೇಕಿತ್ತು ಅಂತ ಹೇಳಲಾರರು. ಊರು ನೋಡಲು ಹೋಗುವ ನಮ್ಮಂಥವರ ಖುಷಿಗೆ ಯಾರೂ ಅಲ್ಲಿ ಇಕ್ಕಟ್ಟಿನಲ್ಲಿ ಬದುಕಬೇಕಾಗಿಲ್ಲ.

ಪಶ್ಚಿಮದ ಭಾಗ, ಅಂದರೆ ಸ್ಟೇಷನ್ ಕಡೆ, ಇಂಗ್ಲಿಷರ ಕಾಲದ್ದು. ಸಮಯ ಇದ್ದರೆ ಎರಡು ಕಟ್ಟಡ ನೋಡಿ. ಒಂದು ಇಂದ್ರಭವನ, ಅಪ್ಪಾಸಾಹೇಬ ವಾರದ ಕಟ್ಟಿಸಿದ ಮನೆ, ಆಮೇಲೆ ಮಹಾನಗರಪಾಲಿಕೆಯ ಕಚೇರಿಯಾಯಿತು. ಅದರ ಮುಂಭಾಗದ ಕೆತ್ತನೆಗಳನ್ನು ರಸ್ತೆಯ ಆಚೆ ಬದಿಯಿಂದ ನೋಡಬೇಕು. ಇನ್ನೊಂದು ಭೈಯ್ಯಾ ಚೌಕದ ಡಾಕ್ಟರ್ ಕೋಟಣೀಸ್ ಸ್ಮಾರಕ. ದ್ವಾರಕಾನಾಥ ಕೋಟಣೀಸ್ 1910ರಲ್ಲಿ ಈ ಊರಲ್ಲೇ ಹುಟ್ಟಿದವರು. ಚೀನಾಕ್ಕೆ ವೈದ್ಯರಾಗಿ ಹೋಗಿ, ಯುದ್ಧದಲ್ಲಿ ಗಾಯಗೊಂಡವರಿಗೆ ಶುಶ್ರೂಷೆ ಮಾಡುತ್ತಾ 1942ರಲ್ಲಿ ಅಲ್ಲೇ ತೀರಿಕೊಂಡರು. ಚೀನಾದಲ್ಲಿ ಇವರನ್ನು ಇಂದಿಗೂ ನೆನೆಯುತ್ತಾರೆ. ಇಲ್ಲಿ ನಾನು ಹೋದಾಗಲೆಲ್ಲ ಒಬ್ಬನೇ ಇದ್ದೆ.

ಇನ್ನು ವ್ಯವಹಾರದ ಮಾತು. ನವೆಂಬರ್‌ನಿಂದ ಫೆಬ್ರುವರಿ ನಡುವೆ ಬನ್ನಿ. ಮಾರ್ಚ್ ಅರ್ಧ ದಾಟಿದರೆ ಬಿಸಿಲು ಏರುತ್ತದೆ, ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಮಾಮೂಲು. ಮಳೆಗಾಲದಲ್ಲೂ ಮಳೆ ಕಡಿಮೆ, ಆದರೆ ಗಲ್ಲಿಗಳಲ್ಲಿ ಕೆಸರು. ಧೂಳು ವರ್ಷವಿಡೀ ಇದೆ, ಮೂಗಿಗೆ ಕಟ್ಟಲು ಒಂದು ಕರವಸ್ತ್ರ ಇರಲಿ. ಮುಚ್ಚಿದ ಚಪ್ಪಲಿ ಅಥವಾ ಬೂಟು ಒಳ್ಳೆಯದು, ಆದರೆ ಗುಡಿಗಳ ಮುಂದೆ ಪದೇ ಪದೇ ಬಿಚ್ಚಬೇಕಾಗುತ್ತದೆ, ಲೇಸ್ ಇಲ್ಲದ್ದು ನೋಡಿ. ಕುಡಿಯುವ ನೀರು ಜೊತೆಗೇ ಇರಲಿ. ಉಜನಿ ಅಣೆಕಟ್ಟಿನ ನೀರು ಇಲ್ಲಿ ದಿನಾ ಬರುವುದಿಲ್ಲ, ಕೆಲವು ದಿನಕ್ಕೊಮ್ಮೆ ಸರದಿ. ಹಾಗಾಗಿ ಮನೆಗಳಲ್ಲಿ ನೀರು ಕೇಳುವಾಗ ಅದು ಅವರು ತುಂಬಿಟ್ಟ ನೀರು ಅಂತ ನೆನಪಿರಲಿ. ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಹೆಂಗಸರಿಗೆ ಶೌಚಾಲಯದ ತೊಂದರೆ ನಿಜಕ್ಕೂ ಇದೆ. ನನ್ನ ಹೆಂಡತಿ ಜೊತೆಗೆ ಬಂದಾಗ ನಾವು ನಡಿಗೆಯನ್ನು ಸಿದ್ಧೇಶ್ವರ ಗುಡಿಯಿಂದ ಶುರು ಮಾಡಿ ಉಲ್ಟಾ ಬಾಳಿವೇಸ್ ಕಡೆ ಹೋಗುತ್ತೇವೆ, ನಡುವೆ ದತ್ತ ಚೌಕದ ಹತ್ತಿರ ಒಳ್ಳೆಯ ಹೋಟೆಲ್ ನೋಡಿ ನಾಷ್ಟಾಕ್ಕೆ ಕೂರುತ್ತೇವೆ. ಅವಳು ಜೊತೆಗಿದ್ದರೆ ನನಗೆ ಇನ್ನೊಂದು ಲಾಭ. ನಾನೊಬ್ಬನೇ ಹೋದಾಗ ಹೊರಗಿನ ಕಟ್ಟೆಯ ತನಕ ಮಾತ್ರ ಪ್ರವೇಶ, ಅವಳನ್ನು ಅಡುಗೆಮನೆಯ ತನಕ ಕರೆದುಕೊಂಡು ಹೋಗುತ್ತಾರೆ. ವಾಡೆಗಳ ಒಳಗಿನ ತೊಟ್ಟಿ, ಅಟ್ಟ, ಬಾವಿ ಎಲ್ಲ ನಾನು ತಿಳಿದಿದ್ದು ಅವಳ ಬಾಯಿಂದಲೇ.

ಸಂಜೆ ಆದರೆ ಪಾರ್ಕ್ ಚೌಕದ ಕಡೆ ತಿನ್ನುವ ಗಾಡಿಗಳು ನಿಲ್ಲುತ್ತವೆ. ಪಾವ್ ಭಾಜಿ, ಡಿಸ್ಕೋ ಭಜಿ. ಮಾಂಸ ತಿನ್ನುವವರು ಕೆಂಡದ ಮೇಲೆ ಸುಡುವ ಶೀಕ್ ತಿನ್ನದೆ ಹೋಗಬಾರದು.

ಯಾತ್ರೆಯ ದಿನವೇ ನಡೆಯಬೇಕು ಅನ್ನುವವರಿಗೆ ಒಂದು ಮಾತು. ಎಣ್ಣೆಮಜ್ಜನದ ದಿನ ಇಡೀ ದಾರಿಯಲ್ಲಿ ಜನ, ಬಿಳಿ ಬಾರಾಬಂದಿ ತೊಟ್ಟ ಭಕ್ತರು, ಎತ್ತರದ ನಂದಿಕೋಲನ್ನು ಒಬ್ಬನೇ ಸೊಂಟಕ್ಕೆ ಆನಿಸಿ ಹೊತ್ತು ಬರುವುದು. ಹಿಂದೆ ಹಿಂದೆ ಹೋಗಲು ನೋಡಬೇಡಿ, ನೂಕುನುಗ್ಗಲಿನಲ್ಲಿ ಏನೂ ಕಾಣುವುದಿಲ್ಲ. ದಾರಿ ಮೊದಲೇ ನಡೆದು ಗೊತ್ತಿದ್ದರೆ ಗಲ್ಲಿಗಳಿಂದ ಅಡ್ಡ ಹೋಗಿ ಮುಂದಿನ ಚೌಕದಲ್ಲಿ ಮೊದಲೇ ನಿಲ್ಲಬಹುದು. ನಾನು ಮಾಣಿಕ ಚೌಕದಲ್ಲಿ ಒಮ್ಮೆ, ಆಮೇಲೆ ಪಂಚಕಟ್ಟಾ ಹತ್ತಿರ ಒಮ್ಮೆ ನಿಲ್ಲುತ್ತೇನೆ. ಮರುದಿನದ ಅಕ್ಷತೆಗೆ ಮಾತ್ರ ಎರಡು ಮೂರು ತಾಸು ಮೊದಲೇ ಸಮ್ಮತಿ ಕಟ್ಟೆಯ ಹತ್ತಿರ ಜಾಗ ಹಿಡಿಯಬೇಕು. 'ಸತ್ಯಂ ಸತ್ಯಂ, ದಿಡ್ಡಂ ದಿಡ್ಡಂ' ಅಂತ ಕೂಗು ಎದ್ದ ಕ್ಷಣಕ್ಕೆ ಸಾವಿರಾರು ಕೈಗಳಿಂದ ಅಕ್ಕಿಕಾಳು ಏಳುತ್ತದೆ. ಕೈಯಲ್ಲಿ ಅಕ್ಷತೆ ಇಲ್ಲದೆ ನಿಂತವರನ್ನು ಕಂಡರೆ ಪಕ್ಕದವರು ತಮ್ಮ ಮುಷ್ಟಿಯಿಂದಲೇ ಅರ್ಧ ಕೊಡುತ್ತಾರೆ, ಆದರೂ ಮನೆಯಿಂದ ಒಂದು ಪುಟ್ಟ ಚೀಟಿಯಲ್ಲಿ ಕಟ್ಟಿಕೊಂಡು ಹೋಗಿ. ಆ ದಿನಗಳಲ್ಲಿ ಹಳೇ ಊರೊಳಗೆ ಆಟೊ ಬಿಡುವುದಿಲ್ಲ. ಸ್ಟೇಷನ್ನಿನಿಂದ ಬರುವವರು ಚಾರ್ ಪುತಳಾ ತನಕ ಬಂದು ಅಲ್ಲಿಂದ ಕಾಲ್ನಡಿಗೆಯಲ್ಲಿ ಬರುವುದೇ ಸಲೀಸು.